ಮಾರುವವನ ಮೌನ

ಬಿ.ಕಾಂ. ಹುಡುಗರಿಗೆ ನಾನು ಪ್ರತಿ ವರ್ಷ ಒಂದು ಕುದುರೆಯ ಕತೆ ಹೇಳುತ್ತೇನೆ. ಕತೆ ನನ್ನದಲ್ಲ, 1872ರ ಭಾರತೀಯ ಕರಾರು ಕಾಯ್ದೆಯದು. ಮೋಸ ಎಂದರೇನು ಎಂದು ಅದರ 17ನೇ ಕಲಂ ವಿವರಿಸಿ, ಕೊನೆಗೆ ನಾಲ್ಕು ಉದಾಹರಣೆ ಕೊಡುತ್ತದೆ. ಮೊದಲನೆಯದು ಇದು: ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಕುದುರೆಗೆ ಐಬಿರುವುದು ಅವನಿಗೆ ಗೊತ್ತು. ಕೊಳ್ಳುವವನಿಗೆ ಏನೂ ಹೇಳುವುದಿಲ್ಲ. ಇದು ಮೋಸವೇ? ಅಲ್ಲ ಎನ್ನುತ್ತದೆ ಕಾಯ್ದೆ. ಬರೀ ಮೌನ ಮೋಸವಲ್ಲ. ಹುಡುಗರು ಬರೆದುಕೊಳ್ಳುತ್ತಾರೆ, ನಾನು ಮುಂದಿನ ಕಲಂಗೆ ಹೋಗುತ್ತೇನೆ. ಒಂದು ಹಳೆಯ ಕಾರು ಕೊಂಡು ಮಾರುವವರೆಗೆ ಹೀಗೇ ನಡೆದಿತ್ತು.

ನಾನು ಅತಿಥಿ ಉಪನ್ಯಾಸಕ. ಊರು ರೋಣ. ಅವ್ವನಿಗೆ ಹೃದಯದ ತೊಂದರೆ, ತಿಂಗಳಿಗೊಮ್ಮೆ ಗದಗಿಗೆ ತೋರಿಸಲು ಹೋಗಬೇಕು. ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಅವಳಿಗೆ ಉಳಿದಿರಲಿಲ್ಲ. ಉಳಿತಾಯ ಅರವತ್ತು ಸಾವಿರ, ಸೊಸೈಟಿಯ ಸಾಲ ಐವತ್ತು ಸಾವಿರ, ಅಕ್ಕನ ಗಂಡ ಕೊಟ್ಟದ್ದು ಮೂವತ್ತು ಸಾವಿರ. ಒಟ್ಟು 1.40 ಲಕ್ಷದಲ್ಲಿ ಕಾರು, ಹೆಸರು ಬದಲಾವಣೆ, ವಿಮೆ ಎಲ್ಲ ಮುಗಿಯಬೇಕು. ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ 2011ರ ಒಂದು ಸಣ್ಣ ಕಾರು ಸಿಕ್ಕಿತು, 1.25 ಲಕ್ಷಕ್ಕೆ. ಮೀಟರಿನಲ್ಲಿ 62 ಸಾವಿರ ಕಿಲೋಮೀಟರು. ಸಾಲ ತೀರಿದ ಪತ್ರ, 29 ಮತ್ತು 30ನೇ ನಮೂನೆಗಳಿಗೆ ಸಹಿ, ಎಲ್ಲ ಸರಿಯಾಗಿತ್ತು. ಕಾನೂನು ಓದಿದವನಲ್ಲವೇ, ಕಾಗದ ಚೆನ್ನಾಗಿ ನೋಡಿದೆ.

ಗಾಡಿಯನ್ನು ಮಾತ್ರ ನೋಡಲು ಬರಲಿಲ್ಲ. ಬರುವುದಿಲ್ಲ ಎಂದು ಹೇಳಲು ನಾಚಿಕೆ. ಟಾಯರಿಗೆ ಒದ್ದೆ, ಬಾನೆಟ್ ಎತ್ತಿ ಒಳಗೆ ಇಣುಕಿದೆ, ಎಲ್ಲ ತಿಳಿದವನಂತೆ ತಲೆ ಆಡಿಸಿದೆ. ನಾನು ಹೋಗುವ ಮೊದಲೇ ಎಂಜಿನ್ ಬಿಸಿಯಾಗಿತ್ತು. ಮಾಲೀಕ "ಈಗಷ್ಟೇ ಅಂಗಡಿಗೆ ಹೋಗಿ ಬಂದೆ" ಅಂದ. ಅದರಲ್ಲೇನು ವಿಶೇಷ ಎಂದುಕೊಂಡೆ.

ಎರಡನೇ ತಿಂಗಳು, ಗದಗ ರಸ್ತೆಯಲ್ಲಿ, ಎರೆಹೊಲಗಳ ನಡುವೆ ಬಾನೆಟ್ಟಿನಿಂದ ಹೊಗೆ ಎದ್ದಿತು. ಅವ್ವ ಬೇವಿನ ಗಿಡದ ಕೆಳಗೆ ಎರಡು ತಾಸು ಕುಳಿತಳು. ಏನೂ ಅನ್ನಲಿಲ್ಲ. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು.

ರೋಣದ ಮಿಸ್ತ್ರಿ ಎಂಜಿನ್ ಬಿಚ್ಚಿದ. ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಹೆಡ್ ಬಾಗಿತ್ತು. ಅದೂ ಹೊಸದಾಗಿ ಆದದ್ದಲ್ಲ, ಹಿಂದೊಮ್ಮೆ ಫೇಸಿಂಗ್ ಮಾಡಿದ ಗುರುತಿತ್ತು. "ಹಳೇ ಗಾಡಿ ನೋಡಾಕ ಮುಂಜಾನೆ ಹೋಗಬೇಕ್ರೀ ಸರ, ಎಂಜಿನ್ ತಣ್ಣಗಿದ್ದಾಗ. ಬಿಸಿ ಮಾಡಿಟ್ಟಾರಂದ್ರ ಏನೋ ಮುಚ್ಚಾಕ ಹತ್ಯಾರ ಅಂತ ತಿಳೀಬೇಕು," ಅಂದ. ಆಮೇಲೆ ಕ್ಲಚ್ ಪೆಡಲಿನ ರಬ್ಬರು ತೋರಿಸಿದ. ಸವೆದು ನುಣ್ಣಗಾಗಿತ್ತು. "ಇದೇನ 62 ಸಾವಿರದ್ದಲ್ಲ ಬಿಡ್ರಿ. ಮೀಟರ್ ತಿರುಗಿಸಬಹುದು, ಇದನ್ನ ಯಾರು ತಿರುಗಿಸ್ತಾರ?"

ನನಗೆ ಅಪ್ಪ ನೆನಪಾದ. ದನದ ಸಂತೆಯಲ್ಲಿ ಅಪ್ಪ ಮೊದಲು ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ. ಮಾರುವವನು ವಯಸ್ಸು ಎಷ್ಟೇ ಹೇಳಲಿ, ಹಲ್ಲು ಸುಳ್ಳು ಹೇಳುವುದಿಲ್ಲ. ಆಮೇಲೆ ಸುಳಿ ನೋಡುತ್ತಿದ್ದ, ನಡೆಸಿ ನೋಡುತ್ತಿದ್ದ. ಕಡೆಗೆ ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುತ್ತಿದ್ದ. ಅಲ್ಲಿ ದರ ಗುಟ್ಟಾಗಿತ್ತು, ಎತ್ತು ಬಯಲಿನಲ್ಲಿತ್ತು. ಕಾರಿನ ವ್ಯಾಪಾರದಲ್ಲಿ ಇದು ತಿರುವುಮುರುವಾಗಿದೆ. ದರ ಎಲ್ಲರಿಗೂ ಗೊತ್ತು, ಗಾಡಿ ಮಾತ್ರ ಟವೆಲ್ಲಿನ ಮರೆಯಲ್ಲಿರುತ್ತದೆ.

ಜಾರ್ಜ್ ಅಕೆರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಈ ಹಳೆಯ ಕಾರುಗಳ ಬಗ್ಗೆಯೇ ಒಂದು ಪ್ರಬಂಧ ಬರೆದ. ಐಬಿನ ಕಾರಿಗೆ ಅಲ್ಲಿಯ ಆಡುಮಾತಿನಲ್ಲಿ 'ನಿಂಬೆಹಣ್ಣು' ಅನ್ನುತ್ತಾರೆ. ಗಾಡಿಯ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಕೊಳ್ಳುವವನು ಎಲ್ಲದಕ್ಕೂ ಅನುಮಾನದ ದರವನ್ನೇ ಹೇಳುತ್ತಾನೆ. ಆ ದರಕ್ಕೆ ಒಳ್ಳೆಯ ಗಾಡಿಯವನು ಮಾರಲು ಒಪ್ಪುವುದಿಲ್ಲ. ಕೊನೆಗೆ ಪೇಟೆಯಲ್ಲಿ ನಿಂಬೆಹಣ್ಣುಗಳೇ ಉಳಿಯುತ್ತವೆ. ಈ ವಿಷಯದ ಕೆಲಸಕ್ಕೆ ಅವನಿಗೆ 2001ರಲ್ಲಿ ನೊಬೆಲ್ ಪಾಲು ಬಂತು. ಅವನ ಲೆಕ್ಕ ಸರಿ. ಆದರೆ ನನ್ನನ್ನು ಕಾಡಿದ್ದು ಬೇರೆ ಒಂದು ಲೆಕ್ಕ. ಹಳೆಯ ಕಾರು ಕೈ ಬದಲಿಸಿದಂತೆಲ್ಲ ಅಗ್ಗವಾಗುತ್ತ ಹೋಗುತ್ತದೆ. ಸಾಮಾನ್ಯವಾಗಿ ಮೊದಲ ಮಾಲೀಕನಿಗಿಂತ ಎರಡನೆಯವನು ಬಡವ, ಎರಡನೆಯವನಿಗಿಂತ ಮೂರನೆಯವನು ಬಡವ. ಅಂದರೆ ಮುಚ್ಚಿಟ್ಟ ಐಬು ಕೂಡ ಇಳಿಜಾರಿನಲ್ಲಿ ಹರಿಯುತ್ತದೆ. ಅದನ್ನು ರಿಪೇರಿ ಮಾಡಿಸಲು ಯಾರಿಗೆ ಎಲ್ಲಕ್ಕಿಂತ ಕಡಿಮೆ ಶಕ್ತಿಯಿದೆಯೋ, ಅವನ ಅಂಗಳಕ್ಕೆ ಹೋಗಿ ನಿಲ್ಲುತ್ತದೆ.

ರಿಪೇರಿಗೆ 18 ಸಾವಿರ ಆಯಿತು. ಹೆಡ್ಡನ್ನು ಇನ್ನೊಮ್ಮೆ ಫೇಸಿಂಗ್ ಮಾಡಿ ಹೊಸ ಗ್ಯಾಸ್ಕೆಟ್ ಹಾಕಿದ್ದಾಯಿತು. "ಇನ್ನೊಮ್ಮೆ ಬಿಸಿ ಆತಂದ್ರ ಹೆಡ್ ಹೊಸಾದ ಹಾಕಬೇಕ್ರಿ, ಇನ್ನ ಕೆರಿಯಾಕ ಬರಂಗಿಲ್ಲ," ಅಂದ ಮಿಸ್ತ್ರಿ. ಅವ್ವನನ್ನು ಅದರಲ್ಲಿ ಮತ್ತೆ ಕೂರಿಸಲು ನನಗೆ ಧೈರ್ಯವಾಗಲಿಲ್ಲ. ಮಾರುತ್ತೇನೆ ಅಂದೆ. ಅವನು ನಕ್ಕು, "ನಿಮಗ ಹೆಂಗ ಕೊಟ್ಟಾರೋ ಹಂಗ ಕೊಟ್ಟಬಿಡ್ರಿ," ಅಂದ.

ಆ ಮಾತಿನಲ್ಲಿ ಕೇಡಿರಲಿಲ್ಲ, ಲೋಕದ ನ್ಯಾಯವಿತ್ತು. ನಾನು ಕಳೆದುಕೊಂಡದ್ದನ್ನು ಇನ್ನೊಬ್ಬನಿಂದ ಪಡೆಯುತ್ತೇನೆ, ಅಷ್ಟೇ. ಆದರೆ ಆ ಇನ್ನೊಬ್ಬ ನನಗೆ ಮೋಸ ಮಾಡಿದವನಲ್ಲ.

ಕೊಳ್ಳಲು ಬಂದವನು ಗಜೇಂದ್ರಗಡದ ಕಡೆಯ ಹುಡುಗ. ಮನೆಯಲ್ಲಿ ನೇಕಾರಿಕೆ. ಸೀರೆಗಳನ್ನು ಬೈಕಿನ ಮೇಲೆ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದನಂತೆ. ಹೋದ ಮಳೆಗಾಲದಲ್ಲಿ ಒಂದು ಗಂಟು ನೆನೆದು ಹಾಳಾಯಿತು, ಅದಕ್ಕೆ ಕಾರು. ನಾನು 1.20 ಲಕ್ಷ ಹೇಳಿದ್ದೆ. ಅವನು ಗಾಡಿಯ ಸುತ್ತ ಒಮ್ಮೆ ತಿರುಗಿದ. ನನ್ನ ಹಾಗೆ ಟಾಯರಿಗೆ ಒದೆಯಲಿಲ್ಲ.

"ಗ್ಯಾಸ್ಕೆಟ್ ಹೊಸಾದು ಹಾಕ್ಸೀನಿ," ಅಂದೆ. ಅದು ನಿಜವೇ. ಇಷ್ಟು ವರ್ಷದಲ್ಲಿ ನಾನು ಆಡಿದ ಅತಿ ಕೆಟ್ಟ ನಿಜ ಅದು. ಕೇಳಿದವನಿಗೆ ಎಂಜಿನ್ನಿನ ಬಗ್ಗೆ ಭರವಸೆ ಹುಟ್ಟಲಿ ಎಂದೇ ಆಡಿದ್ದು.

ಅವನು ನನ್ನ ಮುಖ ನೋಡಿ, "ಅಣ್ಣಾರ, ನನಗ ಗಾಡಿ ಬಗ್ಗೆ ಏನೂ ತಿಳಿಯೂದಿಲ್ಲ. ಏನರ ಇದ್ರ ನೀವ ಹೇಳ್ತೀರಿ. ಹೇಳಲಿಲ್ಲಂದ್ರ ಎಲ್ಲಾ ಚೊಲೋ ಐತಿ ಅಂತ ತಿಳಕೊಂತೀನಿ," ಅಂದ.

ಕಾಯ್ದೆಯ ಕುದುರೆಗೆ ಇನ್ನೆರಡು ಕತೆಗಳಿವೆ. ಎರಡನೆಯ ಉದಾಹರಣೆಯಲ್ಲಿ ಕೊಳ್ಳುವವಳು ಮಾರುವವನ ಮಗಳು, ಆಗಷ್ಟೇ ವಯಸ್ಸಿಗೆ ಬಂದವಳು. ಅಲ್ಲಿ ಸಂಬಂಧವೇ ತಂದೆಯ ಮೇಲೆ ಐಬನ್ನು ಹೇಳುವ ಕರ್ತವ್ಯ ಹೊರಿಸುತ್ತದೆ. ಮೂರನೆಯದರಲ್ಲಿ ಕೊಳ್ಳುವವನು, "ನೀನು ಅಲ್ಲ ಎನ್ನದಿದ್ದರೆ ಕುದುರೆ ಸರಿಯಿದೆ ಎಂದುಕೊಳ್ಳುತ್ತೇನೆ," ಎನ್ನುತ್ತಾನೆ. ಅಲ್ಲಿ ಮಾರುವವನ ಮೌನ ಮಾತಿಗೆ ಸಮ. ಆ ಹುಡುಗ 17ನೇ ಕಲಂ ಓದಿದವನಲ್ಲ. ಆದರೂ ಮೂರನೆಯ ಉದಾಹರಣೆಯನ್ನು ಹೆಚ್ಚುಕಡಿಮೆ ಅಕ್ಷರಶಃ ನನ್ನ ಮುಂದಿಟ್ಟಿದ್ದ. ಜೊತೆಗೆ 'ಅಣ್ಣಾರ' ಅಂದು ಎರಡನೆಯದನ್ನೂ ಸೇರಿಸಿದ್ದ. ನಮ್ಮ ಕಡೆ ಗುರುತಿಲ್ಲದವರಿಗೂ ಅಣ್ಣಾ, ತಮ್ಮಾ, ಯಕ್ಕಾ ಅನ್ನುತ್ತೇವೆ. ಅದು ಬರೀ ರೂಢಿ ಎಂದು ನಾನು ತಿಳಿದಿದ್ದೆ. ಆ ಹೊತ್ತಿನಲ್ಲಿ ಅದಕ್ಕೆ ಭಾರವಿದೆ ಅನ್ನಿಸಿತು.

ಎಷ್ಟು ಹೊತ್ತು ಸುಮ್ಮನಿದ್ದೆನೋ ಗೊತ್ತಿಲ್ಲ. ಆಮೇಲೆ ಹೇಳಿದೆ. ಹೆಡ್ ಎರಡು ಸಲ ಫೇಸಿಂಗ್ ಆಗಿದೆ, ಮತ್ತೊಮ್ಮೆ ಕಾದರೆ ಹೊಸದು ಬೇಕು, ಮೀಟರ್ ನಂಬುವಂಥದ್ದಲ್ಲ. ಅವನು "ಆತ್ರಿ" ಅಂದು ಎದ್ದು ಹೋದ. ಚಹಾ ಅರ್ಧ ಬಿಟ್ಟಿದ್ದ. ಎರಡು ದಿನದ ಮೇಲೆ ಫೋನು ಮಾಡಿ, "ತೊಂಬತ್ತೈದಕ್ಕ ಕೊಡ್ತೀರೇನ್ರಿ? ಹೆಡ್ಡಿಗೆ ಅಂತ ರೊಕ್ಕ ಬ್ಯಾರೆ ತಗದಿಡ್ತೀನಿ," ಅಂದ. ಕೊಟ್ಟೆ. ಒಟ್ಟು 48 ಸಾವಿರ ಹೋಯಿತು. ಸೊಸೈಟಿಯ ಕಂತು ಇನ್ನೂ ನಡೆದಿದೆ, ಅವ್ವನನ್ನು ಬಾಡಿಗೆ ಗಾಡಿಯಲ್ಲಿ ಕರೆದೊಯ್ಯುತ್ತೇನೆ.

ಈ ಕತೆ ಕೇಳಿದ ಗೆಳೆಯರು ನನ್ನನ್ನು ಪ್ರಾಮಾಣಿಕ ಎಂದು ಹೊಗಳುತ್ತಾರೆ. ಹೊಗಳಿಕೆ ನನಗೆ ದಕ್ಕುವುದಿಲ್ಲ. ಅವನು ಆ ಮಾತು ಆಡದಿದ್ದರೆ ನಾನು ಹೇಳುತ್ತಿದ್ದೆನೇ? ಇಲ್ಲ. ಗ್ಯಾಸ್ಕೆಟ್ಟಿನ ಮಾತು ಆಡಿ ಆಗಿತ್ತು, ರೊಕ್ಕ ಎಣಿಸಿಕೊಳ್ಳುತ್ತಿದ್ದೆ. ಅವನ ತಿಳಿಯದಿರುವಿಕೆ ಅವನಿಗೆ ಮೊದಲೇ ಗೊತ್ತಿತ್ತು, ನನಗೂ ಕಾಣುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದ್ದರಿಂದ ಐಬು ಬದಲಾಗಲಿಲ್ಲ, ನನ್ನ ಕರ್ತವ್ಯವೂ ಬದಲಾಗಬೇಕಿರಲಿಲ್ಲ. ನಾನು ತಪ್ಪಿಸಿಕೊಳ್ಳುವ ದಾರಿಯಷ್ಟೇ ಮುಚ್ಚಿತು. ಹುಬ್ಬಳ್ಳಿಯಲ್ಲಿ ನಾನು ಆ ದಾರಿ ತೆರೆದಿಟ್ಟಿದ್ದೆ, ತಿಳಿದವನಂತೆ ನಟಿಸಿ. ಕೇಳಿದ್ದರೆ ಆ ಮಾಲೀಕ ನಿಜ ಹೇಳುತ್ತಿದ್ದನೆಂದಲ್ಲ. ಆದರೆ ಅವನು ನನ್ನ ಕಣ್ಣೆದುರು ಸುಳ್ಳು ಹೇಳಬೇಕಾಗುತ್ತಿತ್ತು. ಸುಮ್ಮನಿರುವಷ್ಟು ಸುಲಭ ಅದಲ್ಲ.

ಈ ವರ್ಷವೂ 17ನೇ ಕಲಂ ಪಾಠ ಮಾಡಿದೆ. ಮೌನ ಮೋಸವಲ್ಲ ಎಂಬಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಕೇಳಬೇಕು ಅಂತನೂ ಗೊತ್ತಿರದವರು ಏನ ಮಾಡಬೇಕ್ರಿ?" ಅಂದಳು. ಕಾಯ್ದೆಯಲ್ಲಿ ಅದಕ್ಕೆ ಉದಾಹರಣೆಯಿಲ್ಲ. ಅವರು ಏನೂ ಮಾಡಲಾರರು, ಮಾಡಬೇಕಾದವನು ಮಾರುವವನೇ ಅಂದೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಸಿಗುವುದಿಲ್ಲ ಎಂದೂ ಹೇಳಿದೆ.