ಗೋಡೆಯ ಮೇಲಿನ ಚಿತ್ರ ಯಾರದು?

ಅಮೆರಿಕದ ಛಾಯಾಗ್ರಾಹಕ ನಾರ್ಮನ್ ಗರ್ಶ್‌ಮನ್ ತೆಗೆದ ಕಪ್ಪು-ಬಿಳುಪು ಭಾವಚಿತ್ರಗಳು 2008ರಲ್ಲಿ ‘ಬೆಸಾ’ ಎಂಬ ಪುಸ್ತಕವಾಗಿ ಬಂದವು. ಚಿತ್ರಗಳಲ್ಲಿರುವವರು ಅಲ್ಬೇನಿಯ, ಕೊಸೊವೊಗಳ ಮುಸ್ಲಿಮರು. ಎರಡನೆಯ ಮಹಾಯುದ್ಧದಲ್ಲಿ ನಾತ್ಸಿಗಳ ಕೈಗೆ ಸಿಗದಂತೆ ಯಹೂದಿಗಳನ್ನು ಕಾಪಾಡಿದವರು, ಇಲ್ಲವೇ ಅಂಥವರ ಮಕ್ಕಳು. ಆ ಮುಖಗಳಲ್ಲಿ ವೀರತನದ ಗುರುತೇನೂ ಕಾಣದು. ಗುಂಡ್ಲುಪೇಟೆಯ ಸಂತೆಯಲ್ಲಿ ಎದುರಾಗುವ ನಮ್ಮ ಹಿರಿಯರಂತೆಯೇ ಇದ್ದಾರೆ. ಬೆಸಾ ಎಂದರೆ ಕೊಟ್ಟ ಮಾತು. ಬಾಗಿಲಿಗೆ ಬಂದವರನ್ನು ಪ್ರಾಣ ಹೋದರೂ ಬಿಟ್ಟುಕೊಡಬಾರದೆಂಬುದು ಅದರ ಕಟ್ಟಳೆ.

ರೆಫಿಕ್ ವೆಸೆಲಿ ಆಗ ಹದಿಹರೆಯದ ಹುಡುಗ, ತಿರಾನದ ಫೋಟೋ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದ. ಯುಗೊಸ್ಲಾವಿಯದಿಂದ ತಪ್ಪಿಸಿಕೊಂಡು ಬಂದಿದ್ದ ಯಹೂದಿ ಛಾಯಾಗ್ರಾಹಕ ಮೋಶೆ ಮಾಂಡಿಲ್ ಕೂಡ ಅಲ್ಲಿದ್ದರು. 1943ರಲ್ಲಿ ಜರ್ಮನ್ ಸೇನೆ ಬಂದಾಗ ರೆಫಿಕ್ ಆ ಕುಟುಂಬವನ್ನು ಕ್ರುಯಾದ ತನ್ನ ಮನೆಗೆ ಕಳಿಸಿದ. ತಂದೆ ವೆಸೆಲ್, ತಾಯಿ ಫಾತಿಮಾ ದೊಡ್ಡವರನ್ನು ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ ಅಡಗಿಸಿದರು, ಮಕ್ಕಳನ್ನು ಊರ ಮಕ್ಕಳೊಂದಿಗೆ ಆಡಲು ಬಿಟ್ಟರು. 1987ರಲ್ಲಿ ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ ವೆಸೆಲಿ ಕುಟುಂಬವನ್ನು ಗೌರವಿಸಿತು.

ಇದನ್ನು ಓದಿದ ಮುಸ್ಲಿಮನಿಗೆ ‘ಇವರು ನಮ್ಮವರು’ ಎನಿಸುವುದು ಸಹಜ. ನನಗೂ ಎನಿಸಿತು. ಆದರೆ ಬಹುಪಾಲು ಅಲ್ಬೇನಿಯನ್ ಮುಸ್ಲಿಮರೇ ಇದ್ದ ನಾತ್ಸಿ ಪಡೆಯೊಂದು 1944ರಲ್ಲಿ ಕೊಸೊವೊದಲ್ಲಿ ಯಹೂದಿಗಳನ್ನು ಹಿಡಿದು ಜರ್ಮನ್ನರಿಗೊಪ್ಪಿಸಿತು. ಅವರು ಯಾರವರು? ಒಳ್ಳೆಯವರನ್ನು ಮಾತ್ರ ನಮ್ಮ ಲೆಕ್ಕಕ್ಕೆ ಬರೆದುಕೊಂಡರೆ ಅದು ಪ್ರಾಮಾಣಿಕತೆಯೇ? ಒಂದು ಜೀವದ ಬೆಲೆಯ ಬಗ್ಗೆ ಕುರ್‌ಆನಿನ ಆಶಯವೂ ಯಹೂದಿ ಗ್ರಂಥದ ಆಶಯವೂ ಒಂದೇ. ಆದರೆ ಗ್ರಂಥ ತಾನಾಗಿ ಬಾಗಿಲು ತೆರೆಯುವುದಿಲ್ಲ. ಮನೆಯಲ್ಲಿರುವ ಮನುಷ್ಯನೇ ಎದ್ದು ತೆರೆಯಬೇಕು.

ಹಾಗಾದರೆ ‘ನಮ್ಮವರು’ ಎಂದರೆ ಯಾರು? ಉತ್ತರಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಚಾಮರಾಜನಗರ ಜಿಲ್ಲೆಯ ಗೋಪಿನಾಥಂ ವೀರಪ್ಪನ್ ಹುಟ್ಟಿದ ಊರು. ಊರಿನ ಹೆಸರು ಹೇಳಿದರೆ ಸಾಕು, ಜನರನ್ನು ಸಂಶಯದಿಂದ ನೋಡುತ್ತಿದ್ದ ಕಾಲವದು. ರಾಜಮಂಡ್ರಿಯಿಂದ ಬಂದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅಲ್ಲಿ ಮನುಷ್ಯರನ್ನು ಕಂಡರು. ಔಷಧಿಯ ವ್ಯವಸ್ಥೆ ಮಾಡಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ 1991ರ ನವೆಂಬರ್ 10ರಂದು ನಿರಾಯುಧರಾಗಿ ಹೋಗಿ ಕೊಲೆಯಾದರು. ಕ್ರುಯಾದಲ್ಲಿ ಉಳಿದ ಮಾತು ಇಲ್ಲಿ ಮುರಿಯಿತು. ಅವರ ಕೆಲಸ ವೆಸೆಲಿಗಳ ಕೆಲಸದಂಥದ್ದೇ ಎಂದು ನಾನು ಹೇಳುತ್ತಿಲ್ಲ. ಆದರೆ ಗೋಪಿನಾಥಂನ ಜನ ಇಂದಿಗೂ ಅವರ ಭಾವಚಿತ್ರವನ್ನು ಪೂಜ್ಯಭಾವದಿಂದ ಇಟ್ಟುಕೊಂಡಿದ್ದಾರೆ. ಅವರು ಆ ಊರಿನವರಲ್ಲ, ಆ ಜನರ ಭಾಷೆಯವರೂ ಅಲ್ಲ. ಆದರೂ ಅವರಿಗೆ ಅವರು ನಮ್ಮವರು.

ಕಾಪಾಡಿದವನ ಚಿತ್ರ ಅವನ ಸಮುದಾಯದ ಹೆಮ್ಮೆಗಿಂತ ಮೊದಲು ಕಾಪಾಡಲ್ಪಟ್ಟವರ ಸೊತ್ತು. ನಮ್ಮವರನ್ನು ಹೆಸರಿನಿಂದ, ಹುಟ್ಟಿನಿಂದ ಲೆಕ್ಕ ಹಾಕುವುದು ಸುಲಭ. ಆದರೆ ನೆರೆಯವನೊಬ್ಬ, ನಮ್ಮ ಜಾತಿ-ಮತಕ್ಕೆ ಸೇರದವನು, ನಮ್ಮನ್ನು ನೆನೆದು ‘ಅವರು ನಮ್ಮವರು’ ಎನ್ನುವಂತೆ ನಾವು ಬದುಕಿದ್ದೇವೆಯೇ? ಗರ್ಶ್‌ಮನ್ನರ ಚಿತ್ರದೊಳಗಿನ ಮುದುಕರು ಕೇಳುವುದು ಇಷ್ಟನ್ನೇ.