ಸಪ್ಪಳ ನಿಂತರೆ ಶಾಂತಿ ಆಯಿತೇ?



*ವರ್ಷಾವಾಸದ ದಿನಚಿಂತನೆ*



ಶಾಂತಿ ಎಂಬ ಮಾತನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ. ಒಂದು, ನೋವಿನ ಕಾರಣ ಹೋಗಿ ಮನಸ್ಸು ತಣ್ಣಗಾಗುವುದು. ಇನ್ನೊಂದು, ನೋವಿದ್ದವರು ಬಾಯಿ ಮುಚ್ಚಿಕೊಂಡು ಇರುವುದು. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ, ಎರಡರಲ್ಲೂ ಸಪ್ಪಳ ಇರುವುದಿಲ್ಲ. ಹಾಗಾದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಇವತ್ತು ಈ ಪ್ರಶ್ನೆಯನ್ನು ಬಟ್ಟೆ ಒಗೆಯುವ ಮಶಿನ್ನಿನಿಂದ ಶುರು ಮಾಡುತ್ತೇನೆ.

ನನ್ನ ತಂಗಿಯ ಮನೆ ಖಾನಾಪುರದಲ್ಲಿದೆ. ಅಲ್ಲಿಯ ಮಳೆ ನಿಮಗೆ ಗೊತ್ತು. ಕಣಕುಂಬಿ ಕಡೆಯಿಂದ ಮೋಡ ಇಳಿದರೆ ದಿನಗಟ್ಟಲೆ ಬಿಸಿಲಿಲ್ಲ. ಒಗೆದ ಬಟ್ಟೆ ಹಗ್ಗದ ಮೇಲೆಯೇ ಮುಗ್ಗಲು ವಾಸನೆ ಹಿಡಿಯುತ್ತದೆ. ಅದಕ್ಕೆಂದೇ ಅವರು ಮುಂದೆ ಬಾಗಿಲಿರುವ ಮಶಿನ್ ತಂದಿದ್ದರು. ಅದು ನಿಮಿಷಕ್ಕೆ ಸಾವಿರ ಸುತ್ತು ತಿರುಗಿ ಬಟ್ಟೆಯ ನೀರು ಹಿಂಡಿ ಕೊಡುತ್ತದೆ. ಕೆಲವು ವರ್ಷಗಳ ನಂತರ, ಹಿಂಡುವ ಹೊತ್ತಿಗೆ ವಿಮಾನ ಏರಿದಂಥ ಸಪ್ಪಳ ಶುರುವಾಯಿತು. ಮನೆಯವರು ಕೆಳಗೆ ರಬ್ಬರ್ ಚಾಪೆ ಹಾಸಿದರು. ಬಚ್ಚಲ ಬಾಗಿಲು ಮುಚ್ಚಿದರು. ಗಂಡಸರು ಮನೆಯಲ್ಲಿ ಇಲ್ಲದಾಗ ಹಾಕು ಎಂದು ತಂಗಿಗೆ ಹೇಳಿದರು. ನೋಡಲು ಬಂದ ಮೆಕ್ಯಾನಿಕ್ ಬಿಚ್ಚಿ ನೋಡದೆಯೇ, "ಇದರದ ಮುಗೀತ್ರಿ, ಹೊಸಾದು ತಗೋರಿ" ಎಂದು ಹೋದ.

ಮುಚ್ಚು, ಒಗ್ಗಿಕೋ, ಇಲ್ಲವೆ ಎಸೆ. ಸಪ್ಪಳಕ್ಕೆ ಸಿಕ್ಕ ಉತ್ತರ ಈ ಮೂರೇ. ಕಾರಣ ಹುಡುಕು ಎಂಬ ನಾಲ್ಕನೆಯ ಉತ್ತರ ಯಾರಿಗೂ ಹೊಳೆಯಲಿಲ್ಲ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಮುಂದೆ ನಿಂತು ದುಡಿದವನು, ಬೇರಿಂಗಿನ ಸಪ್ಪಳ ಕಿವಿಗೆ ಪರಿಚಯ. ತಂಗಿ ಫೋನ್ ಮಾಡಿ, "ಅಣ್ಣಾ, ನೀ ಒಮ್ಮೆ ಬಂದು ಕೇಳಿ ನೋಡು" ಅಂದಳು. ಸಪ್ಪಳದಲ್ಲಿ ಬೇರೆ ಬೇರೆ ಜಾತಿ ಇವೆ, ಆದರೆ ಅದರಲ್ಲಿ ಮೇಲು ಕೀಳು ಇಲ್ಲ! ಟಕ್ ಟಕ್ ಎಂದರೆ ಜೇಬಿನ ಚಿಲ್ಲರೆಯೋ ಪಿನ್ನೋ ಪಂಪಿನ ಜಾಳಿಗೆಯಲ್ಲಿ ಸಿಕ್ಕಿರಬಹುದು. ಧಡ್ ಧಡ್ ಎಂದು ಮಶಿನ್ ಕುಣಿದರೆ ನಾಲ್ಕು ಕಾಲು ಮಟ್ಟಸವಾಗಿಲ್ಲ, ಅಥವಾ ಡ್ರಮ್ಮಿನ ಹೊಯ್ದಾಟ ತಡೆಯುವ ಡ್ಯಾಂಪರ್ ಸವೆದಿದೆ. ಹೊಸ ಮಶಿನ್ ಆದರೆ, ಸಾಗಾಣಿಕೆಗೆಂದು ಹಿಂದೆ ಹಾಕಿದ ಬೋಲ್ಟು ತೆಗೆಯದೆ ಉಳಿದಿರಬಹುದು. ಗೊರ್ ಎಂಬ ಸಪ್ಪಳ ವೇಗದ ಜೊತೆ ಏರುತ್ತ ಹೋದರೆ ಬೇರಿಂಗಿನ ಮೇಲೆ ಸಂಶಯ.

ಪ್ಲಗ್ ತೆಗೆದು, ಖಾಲಿ ಡ್ರಮ್ಮನ್ನು ಕೈಯಿಂದ ಮೆಲ್ಲಗೆ ತಿರುಗಿಸಿದೆ. ಅದೇ ಗೊರಗು. ಡ್ರಮ್ಮಿನ ಅಂಚು ಹಿಡಿದು ಎತ್ತಿದರೆ ಒಳಗೆ ಸಡಿಲ. ಹಿಂದಿನ ತಗಡು ಬಿಚ್ಚಿದಾಗ ನಡುವಿನಿಂದ ಕೆಳಗೆ ಇಳಿದ ತುಕ್ಕಿನ ಗೆರೆ ಕಂಡಿತು. ಕೆಲವು ಮಶಿನ್ನುಗಳಲ್ಲಿ ಹೊರಗಿನ ಟಬ್ಬನ್ನು ಬಿಚ್ಚಲು ಬಾರದ ಹಾಗೆ ಅಂಟಿಸಿಬಿಟ್ಟಿರುತ್ತಾರೆ. ಇದು ಬೋಲ್ಟು ಹಾಕಿದ ಟಬ್ಬು, ಪಾನಾ ಹಿಡಿದು ಬಿಚ್ಚಲು ಬಂತು. ಒಳಗಿನ ಬೇರಿಂಗಿನ ಗ್ರೀಸ್ ಪೂರ್ತಿ ತೊಳೆದು ಹೋಗಿ ಗುಂಡುಗಳು ತುಕ್ಕು ಹಿಡಿದಿದ್ದವು.

ಆದರೆ ಬೇರಿಂಗಿಗೆ ನೀರು ಬಂದದ್ದು ಎಲ್ಲಿಂದ? ಅದರ ಮುಂದೆ ಒಂದು ರಬ್ಬರ್ ಸೀಲ್ ಇರುತ್ತದೆ. ಟಬ್ಬಿನ ನೀರು ಬೇರಿಂಗಿಗೆ ತಾಗದ ಹಾಗೆ ಕಾಯುವುದು ಅದರ ಕೆಲಸ. ಆ ಸೀಲಿನ ತುಟಿ ಸವೆದು ಹೋಗಿತ್ತು. ಕೂಗಿದ್ದು ಬೇರಿಂಗ್, ಸೋತದ್ದು ಸೀಲ್. ಬರೇ ಬೇರಿಂಗ್ ಬದಲಿಸಿ ಹಳೆಯ ಸೀಲ್ ಬಿಟ್ಟಿದ್ದರೆ ಸಪ್ಪಳ ಮತ್ತೆ ಬರುತ್ತಿತ್ತು. ಬೇರಿಂಗಿನ ಮೈಮೇಲೆ ಅದರ ನಂಬರ್ ಇರುತ್ತದೆ. 6205 ಎಂದಿದ್ದರೆ ಒಳರಂಧ್ರ 25 ಮಿ.ಮೀ., ಹೊರಸುತ್ತು 52 ಮಿ.ಮೀ., ಅದನ್ನು ಯಾರು ಮಾಡಿದ್ದರೂ ಅಷ್ಟೇ. ಬೆಳಗಾವಿಯಿಂದ ಎರಡು ಬೇರಿಂಗ್, ಒಂದು ಸೀಲ್ ತಂದು, ಹೊರಬಳೆಯ ಮೇಲಷ್ಟೇ ಪೆಟ್ಟು ಬೀಳುವಂತೆ ಕೂಡಿಸಿ, ಸೀಲಿನ ತುಟಿಗೆ ಗ್ರೀಸ್ ಸವರಿ ಜೋಡಿಸಿದೆವು. ಮಶಿನ್ ಸುಮ್ಮನಾಯಿತು. ಕಾರಣ ಹೋದ ಮೇಲೆ ಬಂದ ಸುಮ್ಮನಿದು, ಬಾಗಿಲು ಮುಚ್ಚಿದ್ದರಿಂದ ಬಂದದ್ದಲ್ಲ.

ಇದರಿಂದ ನಾನು ತಿಳಿದದ್ದು ಇಷ್ಟು: ಸಪ್ಪಳ ಸುಳ್ಳು ಹೇಳುವುದಿಲ್ಲ, ಆದರೆ ಕಾರಣವನ್ನೂ ಹೇಳುವುದಿಲ್ಲ. ಏನೋ ಕೆಟ್ಟಿದೆ ಎಂಬುದನ್ನು ನಂಬಬೇಕು. ಏನು ಕೆಟ್ಟಿದೆ ಎಂಬುದನ್ನು ಮಾತ್ರ ಬಿಚ್ಚಿ ನೋಡಿಯೇ ಹೇಳಬೇಕು. ಕೇಸಪುತ್ತದ ಕಾಲಾಮರಿಗೆ ಭಗವಾನರು ಕೊಟ್ಟ ಉಪದೇಶವೂ ಇದೇ ದಾರಿಯದು. ಯಾರೋ ಹೇಳಿದರು, ರೂಢಿಯಲ್ಲಿದೆ, ದೊಡ್ಡವರ ಮಾತು ಎಂದು ಒಪ್ಪಬೇಡಿ, ಸ್ವತಃ ಪರೀಕ್ಷಿಸಿ ತಿಳಿಯಿರಿ.

ಶಾಂತಿಯ ಹೆಸರಿನಲ್ಲಿ ಬಾಯಿ ಮುಚ್ಚಿದವರ ಒಂದು ಪ್ರಸಂಗ ವಿನಯ ಪಿಟಕದ ಮಹಾವಗ್ಗದಲ್ಲಿದೆ. ಕೋಸಲ ದೇಶದಲ್ಲಿ ಕೆಲವು ಭಿಕ್ಖುಗಳು ಒಂದೇ ಕಡೆ ವರ್ಷಾವಾಸಕ್ಕೆ ಕೂತರು. ಜಗಳವಿಲ್ಲದೆ ಮೂರು ತಿಂಗಳು ಕಳೆಯಬೇಕೆಂದು ಯಾರೂ ಯಾರೊಡನೆಯೂ ಮಾತಾಡಬಾರದು ಎಂದು ಗೊತ್ತುಮಾಡಿಕೊಂಡರು. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಸಬೇಕು, ನೀರಿನ ಮಡಕೆ ಬರಿದಾಗಿದ್ದರೆ ಕಂಡವನು ತುಂಬಬೇಕು, ಒಬ್ಬನಿಂದ ಆಗದಿದ್ದರೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆಯಬೇಕು. ಮಾತು ಮಾತ್ರ ಇಲ್ಲ. ವರ್ಷಾವಾಸ ಮುಗಿಸಿ ಸಾವತ್ಥಿಗೆ ಬಂದು, ಸುಖವಾಗಿ ಇದ್ದೆವು ಎಂದು ಭಗವಾನರ ಮುಂದೆ ಹೇಳಿಕೊಂಡರು. ಭಗವಾನರು ಮೆಚ್ಚಲಿಲ್ಲ. ಇವರು ಕುರಿ ದನಗಳ ಹಾಗೆ ಒಟ್ಟಿಗೆ ಬದುಕಿ, ಕಷ್ಟದಲ್ಲಿದ್ದೂ ಸುಖದಲ್ಲಿದ್ದೆವು ಎನ್ನುತ್ತಾರೆ ಎಂದರು. ಮೂಗವ್ರತವನ್ನು ನಿಷೇಧಿಸಿ ಅದರ ಬದಲು ಪವಾರಣೆಯನ್ನು ವಿಧಿಸಿದರು. ವರ್ಷಾವಾಸದ ಕೊನೆಗೆ ಪ್ರತಿಯೊಬ್ಬನೂ ಸಂಘದ ಮುಂದೆ ಕೂತು, ನನ್ನಲ್ಲಿ ಯಾವ ದೋಷ ಕಂಡಿದ್ದರೂ, ಕೇಳಿದ್ದರೂ, ಸಂಶಯ ಬಂದಿದ್ದರೂ ಕರುಣೆಯಿಂದ ಹೇಳಿ ಎಂದು ಬೇಡಬೇಕು. ಮೊದಲು ಬೇಡುವವನು ಹಿರಿಯ ಭಿಕ್ಖು, ಕಿರಿಯರು ಆಮೇಲೆ.

ಸಪ್ಪಳಕ್ಕೆ ಸಂಘದಲ್ಲಿಯೇ ಒಂದು ಜಾಗ ಮಾಡಿಕೊಟ್ಟ ಗುರು ನಮ್ಮವನು. ಬಾಬಾಸಾಹೇಬರೂ ಧಮ್ಮವನ್ನು ಹಾಗೆಯೇ ಅರ್ಥ ಮಾಡಿದರು. ದುಃಖ ಇದೆಯೆಂದು ಒಪ್ಪುವುದು, ಅದನ್ನು ನಿವಾರಿಸುವ ದಾರಿ ತೋರುವುದು, ಧಮ್ಮದ ಬುನಾದಿ ಇದು ಎಂದರು.

ಬಾಬಾಸಾಹೇಬರು 'ವೀಸಾಗಾಗಿ ಕಾಯುತ್ತಾ' ಎಂಬ ಆತ್ಮಕಥನದಲ್ಲಿ ಸಾತಾರಾದ ಬಾಲ್ಯ ನೆನೆಯುತ್ತಾರೆ. ಊರಿನಲ್ಲಿ ಅಗಸರು ಇದ್ದರು, ಮನೆಯಲ್ಲಿ ಕೊಡಲು ದುಡ್ಡೂ ಇತ್ತು. ಆದರೂ ಅಸ್ಪೃಶ್ಯರ ಬಟ್ಟೆ ಒಗೆಯುವ ಅಗಸ ಇರಲಿಲ್ಲ. ಅಕ್ಕಂದಿರೇ ಒಗೆಯಬೇಕು. ಹಜಾಮನೂ ಮುಟ್ಟುವುದಿಲ್ಲ, ಅಕ್ಕನೇ ಕೂದಲು ಕತ್ತರಿಸಬೇಕು. ಈ ಏರ್ಪಾಟಿನಲ್ಲಿ ದಿನವೂ ಜಗಳ ನಡೆಯುತ್ತಿರಲಿಲ್ಲ. ಅಗಸನ ಬಾಗಿಲಿಗೆ ಇವರು ಹೋಗುತ್ತಲೇ ಇರಲಿಲ್ಲ. ಊರು 'ಶಾಂತ'ವಾಗಿತ್ತು, ಒಳಗೆ ಬೇರಿಂಗ್ ತುಕ್ಕು ಹಿಡಿಯುತ್ತಿತ್ತು.

ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಎಂದು ಮುಂಬೈ ವಿಧಾನ ಪರಿಷತ್ತು 1923ರಲ್ಲಿಯೇ ಬೋಳೆಯವರ ಠರಾವು ಒಪ್ಪಿತ್ತು. ಮಹಾಡದ ಪುರಸಭೆಯೂ ಒಪ್ಪಿತ್ತು. ಕಾಗದ ಸುಮ್ಮನೆ ಮಲಗಿತ್ತು. 1927ರ ಮಾರ್ಚ್ 20ರಂದು ನಮ್ಮ ಜನ ಚವದಾರ ಕೆರೆಯ ನೀರು ಕುಡಿದಾಗ ಮಾತ್ರ ಊರಿಗೆ ಶಾಂತಿ ಕೆಟ್ಟಂತೆ ಅನಿಸಿತು. ಹೊಡೆದರು, ಕೆರೆಗೆ ಪಂಚಗವ್ಯ ಸುರಿದು 'ಶುದ್ಧಿ' ಮಾಡಿದರು, ನ್ಯಾಯಾಲಯಕ್ಕೆ ಹೋದರು. 1937ರಲ್ಲಿ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿತು. ಶಾಂತಿ ಕೆಡಿಸಿದವರು ಯಾರು? ನೀರು ಕುಡಿದವರೇ, ನೀರು ಮುಚ್ಚಿಟ್ಟವರೇ?

ಇಷ್ಟನ್ನು ನಾವೆಲ್ಲ ಒಪ್ಪುತ್ತೇವೆ. ನಮ್ಮ ಒಳಗಿನ ಸಪ್ಪಳ ಬಂದಾಗ ಇದೇ ಅಳತೆ ಹಿಡಿಯುತ್ತೇವೆಯೇ? ಮೊನ್ನೆ ಒಂದು ವಿಹಾರದಲ್ಲಿ ಒಬ್ಬ ಉಪಾಸಿಕೆ ಎದ್ದು ನಿಂತು, "ಕಾರ್ಯಕ್ರಮ ಮುಗದ ಮ್ಯಾಲೆ ಜಮಖಾನಿ ಒಗ್ಯಾವ್ರು, ಚಾದ ಕಪ್ ತೊಳಿಯಾವ್ರು ಬರೇ ನಾವ ಹೆಣ್ಮಕ್ಕಳ ಯಾಕ್ರಿ?" ಎಂದು ಗಟ್ಟಿಯಾಗಿ ಕೇಳಿದರು. ಹಿರಿಯರೊಬ್ಬರು, "ವಿಹಾರದಾಗ ಶಾಂತಿ ಇರಬೇಕವ್ವಾ" ಎಂದು ಕೂಡಿಸಿದರು. ಅದು ಬಚ್ಚಲ ಬಾಗಿಲು ಮುಚ್ಚಿದಂತೆ.

ಎಲ್ಲ ದೂರೂ ನಿಜವೇ ಎಂದು ಕೆಲವರು ಕೇಳಬಹುದು. ಮಶಿನ್ ನೀರು ಹೊರಹಾಕುವಾಗ ಗುಡುಗುಡು ಅನ್ನುತ್ತದೆ, ಅದು ರೋಗವಲ್ಲ. ಸುಮ್ಮನೆ ಗೊಣಗುವವರೂ ಇರುತ್ತಾರೆ. ಒಪ್ಪಿದೆ. ಆದರೆ ಯಾವುದು ಗುಡುಗುಡು, ಯಾವುದು ಗೊರಗು ಎಂಬುದು ಡ್ರಮ್ಮಿಗೆ ಕೈ ಹಚ್ಚಿದ ಮೇಲೆ ತಿಳಿಯುವ ಮಾತು. ಮೆತ್ತಗೆ ಹೇಳಿದ್ದರೆ ಕೇಳುತ್ತಿದ್ದೆವು ಎನ್ನುವವರೂ ಇದ್ದಾರೆ. ಸಕಾಲದಲ್ಲಿ, ಸತ್ಯವಾಗಿ, ಮೃದುವಾಗಿ, ಹಿತವಾಗಿ, ಮೈತ್ರಿಯಿಂದ ಮಾತಾಡಬೇಕು ಎಂಬುದು ಸಮ್ಯಕ್ ವಾಣಿ, ಸರಿ. ಅದು ಮಾತಾಡುವವರು ತಮಗೆ ತಾವು ಹಾಕಿಕೊಳ್ಳುವ ನಿಯಮ. ಕೇಳುವವರು ಅದನ್ನು ಬಾಗಿಲಿನ ಚಿಲಕ ಮಾಡಿಕೊಳ್ಳಬಾರದು. ನೋವು ಮೊದಲು ಕೂಗಿನ ರೂಪದಲ್ಲಿಯೇ ಬರುತ್ತದೆ.

ಈಗ ಮೊದಲ ಪ್ರಶ್ನೆಗೆ ನನ್ನ ಉತ್ತರ. ಒಂದು ಮನೆಯಲ್ಲೋ ವಿಹಾರದಲ್ಲೋ ಇರುವ ಶಾಂತಿ ಯಾವ ಬಗೆಯದು ಎಂದು ತಿಳಿಯಲು, ಅಲ್ಲಿ ಎಲ್ಲಕ್ಕಿಂತ ಕಡಿಮೆ ಬಲ ಇರುವವರು ಹೆದರಿಕೆಯಿಲ್ಲದೆ ದೂರು ಹೇಳಬಲ್ಲರೇ ಎಂದು ನೋಡಬೇಕು. ಹೇಳಬಲ್ಲರು, ಆದರೆ ಹೇಳುವಂಥದು ಏನೂ ಇಲ್ಲ ಎಂದರೆ ಅದು ಶಾಂತಿ. ಹೇಳಲಾರರು ಎಂದರೆ ಅದು ಮೂಗವ್ರತ.

*ಇಂದಿನ ಅಭ್ಯಾಸ:* ಆಶ್ವೀಜ ಹುಣ್ಣಿಮೆಯ ಪವಾರಣೆಗೆ ಕಾಯಬೇಡಿ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರ ಹತ್ತಿರ ಇವತ್ತು ಸಂಜೆ ಕೂತು ಕೇಳಿ: ನನ್ನಲ್ಲಿ ಏನು ಕಂಡಿ, ಏನು ಕೇಳಿದಿ, ಏನು ಸಂಶಯ ಬಂತು? ಹಿರಿಯರು ಮೊದಲು ಕೇಳಲಿ. ಉತ್ತರ ಬಂದಾಗ ನಿಮ್ಮ ಮೊದಲ ಮಾತು 'ಆದರೆ' ಆಗದಿರಲಿ. ಮತ್ತು ವಿಹಾರದ ಜಮಖಾನೆ ಒಗೆಯುವ ಪಾಳಿಯ ಪಟ್ಟಿ ಮಾಡುವವರು ಗಂಡಸರ ಹೆಸರನ್ನೂ ಸೇರಿಸಲಿ. ನನ್ನ ಹೆಸರನ್ನು ಮೊದಲು ಬರೆಯಿರಿ.

ಜೈ ಭೀಮ್. ನಮೋ ಬುದ್ಧಾಯ.