ಕೇಳದೆ ಮಾಡಿದ ವೆಚ್ಚ

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕಟ್ಟಿದವರು ಹಣದ ಜಗಳವನ್ನು ಎಣಿಕೆಗೆ ತೆಗೆದುಕೊಂಡಂತೆ ತೋರುವುದಿಲ್ಲ. ಮಾತಿನಿಂದ ಹುಟ್ಟಿದ ಮುನಿಸು ಮಾತಿನಿಂದಲೇ ಇಳಿಯುವುದು. ಅಡಿಗೆಯಲ್ಲಿ ಉಪ್ಪು ಮಿತಿಮೀರಿದುದರಿಂದ ಬಂದ ಕೋಪವು ಮರುದಿನದ ಸಾರಿನಿಂದ ಶಾಂತವಾಗುವುದು. ಹಣದ ಜಗಳವಾದರೋ ಉಂಡು ಮಲಗಿದ ಮೇಲೂ ಮಲಗುವುದಿಲ್ಲ. ಬೆಳಗ್ಗೆ ಹಾಲಿನವನು ಬಾಗಿಲು ತಟ್ಟಿದೊಡನೆ ಮನೆಯವರಿಗಿಂತ ಮೊದಲು ಎದ್ದು ಕುಳಿತಿರುವುದು. ಮಿಕ್ಕ ವಿಷಯಗಳಲ್ಲಿ ಸಹನೆಯುಳ್ಳ, ವಿದ್ಯಾವಂತರಾದ ದಂಪತಿಗಳು ಕೂಡ ಈ ಒಂದು ವಿಷಯದಲ್ಲಿ ಒಬ್ಬರನ್ನೊಬ್ಬರು ಸಣ್ಣ ಮನಸ್ಸಿನವರೆಂದು ಎಣಿಸುವರು. ಇದಕ್ಕೆ ಕಾರಣವು ಹಣದ ಕೊರತೆ ಎಂದು ಹೇಳಿಬಿಡುವುದು ಸುಲಭ. ಆದರೆ ಕೊರತೆಯಿಲ್ಲದ ಮನೆಗಳಲ್ಲಿಯೂ ಈ ಜಗಳವು ಕಂಡುಬರುವುದರಿಂದ ಕಾರಣವನ್ನು ಬೇರೆ ಕಡೆ ಹುಡುಕಬೇಕಾಗಿದೆ.

ಮಧ್ಯಮ ಸ್ಥಿತಿಯ ಒಂದು ಸಂಸಾರವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ಯಜಮಾನನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನು. ಪ್ರತಿ ಸಂಜೆ ಕೈಕಾಲು ತೊಳೆದು ಬಂದು ಲೆಕ್ಕದ ಪುಸ್ತಕವನ್ನು ತೆರೆಯುವುದು ಅವನ ನಿಯಮ. ಹಾಲು, ತರಕಾರಿ, ಸೋಪು, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಅದರಲ್ಲಿ ಒಪ್ಪವಾಗಿ ಬರೆಯಲ್ಪಟ್ಟಿರುವುವು. ಹೆಂಡತಿ ಕೊಂಡ ಎರಡು ಮೊಳ ಮಲ್ಲಿಗೆಯೂ, ಹಳೆಯ ಬಟ್ಟೆಯ ಮೇಲೆ ಇಪ್ಪತ್ತು ರೂಪಾಯಿ ಸೇರಿಸಿ ಕೊಂಡ ಸ್ಟೀಲಿನ ಡಬ್ಬಿಯೂ ಅಲ್ಲಿ ಬೇರೆ ಬೇರೆಯಾಗಿ ನಮೂದಾಗಿರುವುವು. ಪುಟದ ಕೊನೆಯಲ್ಲಿ ಮಾತ್ರ "ಇತರ" ಎಂಬ ಒಂದು ತಲೆಬರಹವುಂಟು. ಹೋಟೆಲಿನ ಕಾಫಿ, ಮಸಾಲೆದೋಸೆ, ಎಲೆಯಡಿಕೆ, ಸ್ನೇಹಿತರ ಕೈಗಡ ಇವೆಲ್ಲ ಆ ಒಂದೇ ಮಾತಿನ ನೆರಳಿನಲ್ಲಿ ಸುಖವಾಗಿ ವಾಸಿಸುತ್ತಿರುವುವು. ಇದರಲ್ಲಿ ಮೋಸವಿಲ್ಲ. ತನ್ನ ವೆಚ್ಚವು ಮನುಷ್ಯನಿಗೆ ಅವಶ್ಯಕತೆಯಾಗಿಯೂ, ಜೊತೆಯವರ ವೆಚ್ಚವು ಚಟವಾಗಿಯೂ ತೋರುವುದು ಸ್ವಭಾವವೇ ಆಗಿದೆ.

ಅವನು ಊರಿನಲ್ಲಿಲ್ಲದ ಒಂದು ದಿನ ಗೃಹಿಣಿಯ ಬಾಲ್ಯದ ಗೆಳತಿಯು ಮಗಳ ಮದುವೆಗೆ ಕರೆಯಲು ಬಂದಳು. ಕುಂಕುಮವಿಟ್ಟು, ರವಿಕೆಯ ಖಣ, ತೆಂಗಿನಕಾಯಿ, ಎಲೆಯಡಿಕೆಗಳೊಡನೆ ಮದುವೆಯ ಹುಡುಗಿಗೆಂದು ಐನೂರು ರೂಪಾಯಿಗಳನ್ನು ಗೃಹಿಣಿಯು ಕೊಟ್ಟು ಕಳುಹಿಸಿದಳು. ಗಂಡನು ಬಂದು ಲೆಕ್ಕ ಕೇಳಿದನು.

"ನನ್ನನ್ನು ಕೇಳದೆ ಏಕೆ ಕೊಟ್ಟೆ?"

"ನೀವು ಊರಲ್ಲಿರಲಿಲ್ಲ. ಬಂದವಳನ್ನು ಬರಿಗೈಯಲ್ಲಿ ಕಳುಹಿಸುವುದು ಹೇಗೆ?"

ಈ ಮಾತು ಎರಡು ದಿನ ಬೆಳೆಯಿತು. ಆದರೆ ಅದೇ ವರ್ಷದಲ್ಲಿ ಯಜಮಾನನು ಜೊತೆಯ ನೌಕರನೊಬ್ಬನಿಗೆ ಸಹಕಾರ ಸಂಘದಲ್ಲಿ ಐವತ್ತು ಸಾವಿರ ರೂಪಾಯಿಗಳ ಸಾಲಕ್ಕೆ ಜಾಮೀನು ನಿಂತಿದ್ದನು. ಮನೆಯಲ್ಲಿ ಹೇಳಿರಲಿಲ್ಲ. ಸಾಲಗಾರನು ಕೈಯೆತ್ತಿ, ಕಂತು ಇವನ ಸಂಬಳದಲ್ಲಿ ಮುರಿಯತೊಡಗಿದಾಗ ಮಾತ್ರ ಸಂಗತಿಯು ಅಡಿಗೆಮನೆಗೆ ತಲುಪಿತು.

ಈ ಎರಡು ವೆಚ್ಚಗಳನ್ನೂ ಧರ್ಮಶಾಸ್ತ್ರದ ಮುಂದಿಟ್ಟು ನೋಡಿದರೆ ದೊರೆಯುವ ಉತ್ತರವು ಗಮನಿಸತಕ್ಕದ್ದಾಗಿದೆ. ಆಪಸ್ತಂಬ ಧರ್ಮಸೂತ್ರದ ಎರಡನೆಯ ಪ್ರಶ್ನದಲ್ಲಿ ದಾಯಭಾಗದ ವಿಚಾರವನ್ನು ಹೇಳುತ್ತ ಸೂತ್ರಕಾರನು, ದಂಪತಿಗಳಲ್ಲಿ ವಿಭಾಗವೆಂಬುದೇ ಇಲ್ಲವೆಂದೂ, ಪಾಣಿಗ್ರಹಣ ಮೊದಲ್ಗೊಂಡು ಕರ್ಮಗಳಲ್ಲಿಯೂ ಅವುಗಳ ಫಲದಲ್ಲಿಯೂ ದ್ರವ್ಯದಲ್ಲಿಯೂ ಅವರಿಗೆ ಸಹಭಾವವಿದೆಯೆಂದೂ ನಿರ್ಣಯಿಸುತ್ತಾನೆ. ಅದರ ಬೆನ್ನಿಗೇ ಒಂದು ದೃಷ್ಟಾಂತವನ್ನೂ ಕೊಡುತ್ತಾನೆ: ಗಂಡನು ಪ್ರವಾಸದಲ್ಲಿರುವಾಗ, ನಿಮಿತ್ತವು ಬಂದು ಹೆಂಡತಿಯು ದಾನಮಾಡಿದರೆ ಅದನ್ನು ಕಳವೆಂದು ತಿಳಿದವರು ಹೇಳುವುದಿಲ್ಲವಂತೆ. ಗುಮಾಸ್ತನ ಮನೆಯ ಐನೂರು ರೂಪಾಯಿಗಳಿಗೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವು ಬೇಕಿಲ್ಲ. ಇನ್ನು ಜಾಮೀನು. ತಂದೆಯ ಯಾವ ಸಾಲಗಳನ್ನು ಮಗನು ತೀರಿಸಬೇಕಾಗಿಲ್ಲವೆಂಬುದನ್ನು ಹೇಳುವಾಗ ಮನುವು ಜೂಜಿನ ಸಾಲ, ಕುಡಿತದ ಸಾಲಗಳ ಪಂಕ್ತಿಯಲ್ಲಿಯೇ ಜಾಮೀನಿನ ಸಾಲವನ್ನೂ ಕೂಡಿಸಿದ್ದಾನೆ. ಹಣವನ್ನೇ ತೆರುವೆನೆಂದು ನಿಂತ ಜಾಮೀನಿಗೆ ಮುಂದಿನ ಶ್ಲೋಕದಲ್ಲಿಯೇ ಬೇರೆ ನಿಯಮವುಂಟು, ನಿಜ. ಆದರೂ ಗೌರವಸ್ಥನ ಉಪಕಾರವೆಂದು ಲೋಕವು ತಿಳಿಯುವ ಕಾರ್ಯಕ್ಕೆ ಅಂಥ ನೆರೆಹೊರೆ ಏಕೆ ಬಂದಿತೆಂಬುದು ಯೋಚಿಸಬೇಕಾದ ವಿಷಯ.

ಶಾಸ್ತ್ರಕಾರರು ಎಲ್ಲ ಕಡೆಯೂ ಇಷ್ಟು ಸಮದೃಷ್ಟಿಯಿಂದ ಇದ್ದರೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಹಣದ ಸಂಗ್ರಹದಲ್ಲಿಯೂ ವ್ಯಯದಲ್ಲಿಯೂ ಹೆಂಡತಿಯನ್ನು ನಿಯೋಜಿಸಬೇಕೆಂದು ಮನುವು ವಿಧಿಸುವುದು ಅವಳ ಸಾಮರ್ಥ್ಯವನ್ನು ಮೆಚ್ಚಿ ಅಲ್ಲ. ಕೆಲಸದಲ್ಲಿ ತೊಡಗಿದ್ದರೆ ಕಾವಲು ಸುಲಭವೆಂಬ ಪ್ರಕರಣದಲ್ಲಿ. ಹೆಂಡತಿಯು ವೆಚ್ಚಕ್ಕೆ ವಿಮುಖಳಾಗಿರಬೇಕೆಂದು ಯಾಜ್ಞವಲ್ಕ್ಯನು ಹೇಳಿದನು. ಗಂಡನಿಗೆ ಆ ವಿಶೇಷಣವನ್ನು ಅಲ್ಲಿ ಹಚ್ಚಲಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಆಪಸ್ತಂಬನ ಮೇಲಣ ಸೂತ್ರವನ್ನೇ ಎತ್ತಿಕೊಂಡು ಚರ್ಚಿಸಿ, ದ್ರವ್ಯದಲ್ಲಿ ಹೆಂಡತಿಗೂ ಸ್ವತ್ವವುಂಟೆಂದು ಒಪ್ಪಿದನು. ಆದರೆ ವಿಭಾಗವು ಗಂಡನ ಇಚ್ಛೆಯಿಂದ ಆಗಬಹುದೇ ಹೊರತು ಅವಳ ಇಚ್ಛೆಯಿಂದಲ್ಲವೆಂದು ಮುಗಿಸಿದನು. ಒಡೆತನವು ಇಬ್ಬರದು, ಬೀಗದ ಕೈ ಒಬ್ಬನದು. ಕನ್ನಡನಾಡಿನಲ್ಲಿ ಹುಟ್ಟಿ ಭಾರತದ ಬಹುಭಾಗಕ್ಕೆ ನ್ಯಾಯ ಹೇಳಿದ ಗ್ರಂಥವು ಈ ಒಂದು ಗಂಟನ್ನು ಬಿಚ್ಚದೆ ಬಿಟ್ಟಿತು. ಮುಂದೆ ಮೈಸೂರು ಸಂಸ್ಥಾನದ 1933ರ ಶಾಸನವೂ, ಭಾರತದ 1956ರ ಹಿಂದೂ ಉತ್ತರಾಧಿಕಾರ ಶಾಸನವೂ ಸ್ತ್ರೀಯರ ಆಸ್ತಿಯ ಹಕ್ಕನ್ನು ಬೆಳೆಸಿದುವು. ಸ್ತ್ರೀಧನವು ಗಂಡನೊಡನೆ ಜಂಟಿಯಾದ ಸ್ವತ್ತಲ್ಲ, ಅವನ ವಶದಲ್ಲಿದ್ದರೂ ಅವಳದೇ ಎಂದು 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ನ್ಯಾಯಾಲಯದ ಮಾತು ನ್ಯಾಯಾಲಯಕ್ಕೆ ಹೋದವರಿಗೆ. ಐನೂರು ರೂಪಾಯಿಗಳಿಗಾಗಿ ಯಾರೂ ಅಲ್ಲಿಗೆ ಹೋಗುವುದಿಲ್ಲ.

ಗೃಹದ ಲೆಕ್ಕದ ಪ್ರಶ್ನೆಯನ್ನು ಅದರ ಪೂರ್ಣವಾದ ಭಯಂಕರತೆಯಲ್ಲಿ ನೋಡಿದವರು ವ್ಯಾಸರು. ವನಪರ್ವದಲ್ಲಿ ಸತ್ಯಭಾಮೆಯು ಗಂಡಂದಿರನ್ನು ವಶಪಡಿಸಿಕೊಳ್ಳುವ ಮಂತ್ರವೇನೆಂದು ಕೇಳಿದಾಗ ದ್ರೌಪದಿಯು ಮಂತ್ರವನ್ನು ಹೇಳದೆ ತನ್ನ ದಿನಚರಿಯನ್ನು ಹೇಳುತ್ತಾಳೆ. ಇಂದ್ರಪ್ರಸ್ಥದ ಅರಮನೆಯ ಸಹಸ್ರಾರು ದಾಸಿಯರ ಹೆಸರು, ಊಟ, ಉಡಿಗೆಗಳು ಅವಳಿಗೆ ತಿಳಿದಿದ್ದುವು. ಧರ್ಮರಾಜನ ಸಮಸ್ತ ಆಯವ್ಯಯವನ್ನು ಬಲ್ಲವಳು ತಾನೊಬ್ಬಳೇ ಎಂದು ಅವಳು ಹೇಳಿಕೊಳ್ಳುವಳು. ಈ ಮಾತನ್ನು ಓದಿ ಗೃಹಿಣಿಯ ದಕ್ಷತೆಯನ್ನು ಕೊಂಡಾಡುವುದು ವಾಡಿಕೆ. ಆದರೆ ಅದನ್ನು ಆಡುವಾಗ ಅವಳು ಎಲ್ಲಿದ್ದಳೆಂಬುದನ್ನು ಮರೆಯಬಾರದು. ಅವಳು ಕಾಡಿನಲ್ಲಿದ್ದಳು. ಅವಳು ಬಲ್ಲ ಆ ಬೊಕ್ಕಸವು ಆಗ ಇರಲಿಲ್ಲ.

ಆ ಬೊಕ್ಕಸವು ಹೋದ ದಿನ, ಅದರ ಕೊನೆಯ ಕಾಸನ್ನು ಬಲ್ಲವಳು ಅಂತಃಪುರದಲ್ಲಿದ್ದಳು. ಧರ್ಮರಾಜನು ಮಣಿಗಳನ್ನು ಒಡ್ಡಿದನು, ರಥಗಳನ್ನು ಒಡ್ಡಿದನು, ಆನೆಕುದುರೆಗಳನ್ನೂ ನೆಲವನ್ನೂ ತಮ್ಮಂದಿರನ್ನೂ ತನ್ನನ್ನೂ ಒಡ್ಡಿ ಸೋತನು. ಒಂದು ಪಣಕ್ಕೂ ಇನ್ನೊಂದು ಪಣಕ್ಕೂ ನಡುವೆ ಒಳಗೆ ಒಂದು ಮಾತು ಕೇಳಿ ಬರುವಷ್ಟು ಸಮಯವಿಲ್ಲದೆ ಇರಲಿಲ್ಲ, ಕೇಳಬೇಕೆಂದು ತೋರಲಿಲ್ಲ. ಅವನು ದುಷ್ಟನಲ್ಲ. ಧರ್ಮಜ್ಞನೆಂದು ಲೋಕವು ಹೆಸರಿಟ್ಟವನು. ಲೆಕ್ಕವನ್ನು ಅವಳಿಗೆ ಒಪ್ಪಿಸಿ, ನಿರ್ಣಯವನ್ನು ತಾನಿಟ್ಟುಕೊಂಡಿದ್ದನು. ಕೊನೆಗೆ ಅವಳೇ ಪಣವಾದ ಮೇಲೆ ಅವಳು ಪ್ರಾತಿಕಾಮಿಯ ಮೂಲಕ ಕಳುಹಿಸಿದುದು ಬೈಗುಳವನ್ನಲ್ಲ, ಒಂದು ಪ್ರಶ್ನೆಯನ್ನು: ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಹಣವನ್ನೇ ತನ್ನ ಭಾಷೆಯಾಗಿ ಮಾಡಿಕೊಂಡಿದ್ದ ಗೃಹಿಣಿಯ ಪ್ರಶ್ನೆ ಅದು. ಕೊಡುವ ಅಧಿಕಾರವು ಕೊಟ್ಟವನಿಗೆ ಇತ್ತೇ ಎಂಬುದನ್ನು ಅದು ಶೋಧಿಸುವುದು. ಭೀಷ್ಮನು ಧರ್ಮವು ಸೂಕ್ಷ್ಮವೆಂದು ಹೇಳಿ ಉತ್ತರಿಸಲಾರದೆ ಹೋದನು. ಕೌರವರಲ್ಲಿ ಕಿರಿಯನಾದ ವಿಕರ್ಣನೊಬ್ಬನು ಎದ್ದು, ಇವಳು ಐವರಿಗೂ ಸಮಾನಳು, ತಾನೇ ಸೋತುಹೋದ ಒಬ್ಬನು ಇವಳನ್ನು ಒಡ್ಡಿದ್ದು ಸಲ್ಲದೆಂದು ವಾದಿಸಿದನು. ಕರ್ಣನು ಅವನನ್ನು ಹುಡುಗನೆಂದು ಹೀಯಾಳಿಸಿದನು.

ಗುಮಾಸ್ತನ ಜಾಮೀನನ್ನು ಕುರುಗಳ ದ್ಯೂತದೊಡನೆ ಹೋಲಿಸುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಮೊತ್ತದಲ್ಲಿ ಅತಿಯೇ ಸರಿ. ಆದರೆ ಎರಡರಲ್ಲಿಯೂ ನೋವಿನ ಸ್ಥಾನವು ಒಂದೇ. ಗೃಹಿಣಿಯನ್ನು ನೋಯಿಸಿದುದು ಐವತ್ತು ಸಾವಿರವಲ್ಲ. ಎರಡು ಮೊಳ ಮಲ್ಲಿಗೆಗೆ ತಾನು ಲೆಕ್ಕ ಒಪ್ಪಿಸುತ್ತಿದ್ದ ತಿಂಗಳುಗಳಲ್ಲಿಯೇ ಆ ರುಜು ಬಿದ್ದಿತ್ತೆಂಬುದು. ಸಣ್ಣದಕ್ಕೆ ಒಬ್ಬರು ಕೇಳಬೇಕು, ದೊಡ್ಡದಕ್ಕೆ ಇನ್ನೊಬ್ಬರು ಕೇಳಬೇಕಾಗಿಲ್ಲ ಎಂಬ ವ್ಯವಸ್ಥೆಯನ್ನು ಯಾವ ಸಂಬಳವೂ ನ್ಯಾಯವಾಗಿಸಲಾರದು. ಸಣ್ಣದರಲ್ಲಿ ಇಬ್ಬರಿಗೂ ಕೇಳದೆ ಕೊಡುವ ಸ್ವಾತಂತ್ರ್ಯವಿರಬೇಕು. ಮನೆಯನ್ನೇ ಕಟ್ಟಿಹಾಕುವ ವೆಚ್ಚದಲ್ಲಿ ಇಬ್ಬರಿಗೂ ಹೇಳುವ ಋಣವಿರಬೇಕು. ಗಳಿಸುವವನು ಯಾರೆಂಬುದು ಇಲ್ಲಿ ಪ್ರಶ್ನೆಯಲ್ಲ. ಇಬ್ಬರೂ ಗಳಿಸುವ ಮನೆಗಳು ಈಗ ಬೇಕಾದಷ್ಟಿವೆ, ಜಗಳವೇನೂ ಕಡಮೆಯಾಗಿಲ್ಲ.

ಗುಟ್ಟಿನ ದೋಷವು ಗಂಡಸರದು ಮಾತ್ರವೆಂದಲ್ಲ. 2016ನೆಯ ಇಸವಿ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದುವೆಂದು ಪ್ರಕಟವಾದಾಗ ಸಾಸಿವೆಯ ಡಬ್ಬಿ, ಅಕ್ಕಿಯ ಡ್ರಮ್ಮು, ಮಡಿಸಿದ ಸೀರೆಗಳ ನಡುವಿನಿಂದ ನೋಟುಗಳು ಹೊರಬಂದುವು. ಕೆಲವರು ನಕ್ಕರು, ಕೆಲವರು ಮೆಚ್ಚಿದರು. ಗಂಡನು ಬಡ್ಡಿಗೆ ಸಾಲ ತರುತ್ತಿದ್ದ ಮನೆಯಲ್ಲಿ ಹಾಗೆ ಮುಚ್ಚಿಟ್ಟಿದ್ದರೆ ಅದು ಮೆಚ್ಚತಕ್ಕದ್ದಲ್ಲ. ಆದರೆ ಕೇಳಿದಾಗಲೆಲ್ಲ ಮುಖವನ್ನು ಗಂಟಿಕ್ಕುವ ಮನೆಯಲ್ಲಿ ಸಾಸಿವೆಯ ಡಬ್ಬಿಗೆ ಸಾಸಿವೆಯಲ್ಲದೆ ಬೇರೆ ಕೆಲಸ ಬೀಳುವುದು ಸಹಜ. ಈಚೆಗೆ ಆ ಮರೆಯೂ ಹೋಗಿದೆ. ಹೆಂಡತಿಯು ಅಂಗಡಿಯಲ್ಲಿ ಮೊಬೈಲಿನಿಂದ ಹಣ ಕೊಟ್ಟ ಕ್ಷಣದಲ್ಲಿಯೇ, ಖಾತೆಯು ಗಂಡನ ಸಂಖ್ಯೆಗೆ ಸೇರಿದ್ದರೆ, ಕಚೇರಿಯಲ್ಲಿ ಕುಳಿತ ಅವನಿಗೆ ಬ್ಯಾಂಕಿನ ಸಂದೇಶವು ಬರುವುದು. ಅವಳು ಮನೆಗೆ ಬರುವುದಕ್ಕೆ ಮೊದಲೇ "ಅದೇನು ಮುನ್ನೂರೈವತ್ತು?" ಎಂಬ ಪ್ರಶ್ನೆಯು ಬಂದಿರುವುದು. ಹೇಳುವುದಕ್ಕೂ ಸಿಕ್ಕಿಬೀಳುವುದಕ್ಕೂ ಬಹಳ ಅಂತರವಿದೆ. ತಾನಾಗಿ ಹೇಳುವ ಅವಕಾಶವನ್ನೇ ಯಂತ್ರವು ಕಸಿದುಕೊಂಡಿತು.

ಕಾಮಸೂತ್ರದ ಭಾರ್ಯಾಧಿಕಾರಿಕದಲ್ಲಿ, ಒಂದು ವರ್ಷದ ಆದಾಯವನ್ನು ಮೊದಲು ಎಣಿಸಿ ಅದಕ್ಕೆ ತಕ್ಕಂತೆ ವೆಚ್ಚವನ್ನು ಮಾಡಬೇಕೆಂಬ ವಿಧಿಯುಂಟು. ಆ ಗ್ರಂಥವನ್ನು ಬೇರೆ ಕಾರಣಕ್ಕಾಗಿ ಹುಡುಕುವವರ ಕಣ್ಣಿಗೆ ಇದು ಬೀಳುವುದಿಲ್ಲ. ಕೇಳದೆ ಕೊಡಬಹುದಾದ ಮೊತ್ತವು ಐನೂರೋ ಎರಡು ಸಾವಿರವೋ ಎಂಬುದನ್ನು ಮಾತ್ರ ಯಾವ ಸೂತ್ರವೂ ಹೇಳಲಾರದು. ಅದನ್ನು ಯುಗಾದಿಯ ಹೊತ್ತಿಗೆ, ಹೊಟ್ಟೆ ತುಂಬಿದ ವೇಳೆಯಲ್ಲಿ, ಮನೆಯವರಿಬ್ಬರೂ ಕುಳಿತು ಗೊತ್ತುಮಾಡಿಕೊಳ್ಳಬೇಕು.

ಜಾಮೀನಿನ ಸಂಗತಿ ತಿಳಿದ ದಿನ ಗುಮಾಸ್ತನ ಹೆಂಡತಿಯು ಏಕೆ ಕೊಟ್ಟಿರೆಂದು ಕೇಳಲಿಲ್ಲ. "ರುಜು ಹಾಕಿ ಬಂದ ದಿನ ಊಟಕ್ಕೆ ಕುಳಿತಿದ್ದಿರಲ್ಲ, ಆಗ ಹೇಳಬಾರದಾಗಿತ್ತೆ?" ಎಂದಳು. ಅವನು ಎದ್ದು ಹೋಗಿ ಲೆಕ್ಕದ ಪುಸ್ತಕವನ್ನು ತೆರೆದನು. ಕಂತು ಇನ್ನೂ ಎರಡು ವರ್ಷ ಮುರಿಯತಕ್ಕದ್ದು. ಅದನ್ನು ಯಾವ ತಲೆಬರಹದ ಕೆಳಗೆ ಬರೆಯಬೇಕೆಂಬುದು ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.